ಮಾಮಾ ಬರೆದ ನಾನು

ಬೆಳಗಾವಿ ಹತ್ತಿರದ ಮಚ್ಛೆಯ ಒಂದು ಕಾರ್ಖಾನೆಯಲ್ಲಿ ನಾನು ನಕಾಶೆ ಬರೆಯುವ ಕೆಲಸಕ್ಕಿದ್ದೆ. ನೀರೆತ್ತುವ ಪಂಪುಗಳ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆ ಅದು. ಯಾವ ಭಾಗ ಎಷ್ಟು ದಪ್ಪ, ತೂತು ಎಷ್ಟು ಅಗಲ ಎಂದು ನಾನು ಹಾಳೆಯ ಮೇಲೆ ಗೆರೆ ಎಳೆದು ಕೊಟ್ಟರೆ ಲೇತ್ ಯಂತ್ರದವರು ಅದನ್ನು ನೋಡಿ ಲೋಹ ಕಡೆಯುತ್ತಿದ್ದರು. ಖಾನಾಪುರದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದೆ. ಅಪ್ಪ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಮನೆಯಲ್ಲಿ ನಾನು ಮತ್ತು ಅವ್ವ ಇಬ್ಬರೇ. ನನ್ನ ವಯಸ್ಸು ಇಪ್ಪತ್ತೆಂಟು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಇಪ್ಪತ್ತೆಂಟು ತುಂಬಿಯೂ ಮದುವೆಯಾಗದ ಹುಡುಗಿಯನ್ನು ನಮ್ಮ ಕಡೆಯ ಜನ, ಕೊನೆಯ ಬಸ್ಸು ಹೋದ ಮೇಲೆ ಸ್ಟ್ಯಾಂಡಿಗೆ ಬಂದು ನಿಂತವರನ್ನು ನೋಡುವ ಹಾಗೆ ನೋಡುತ್ತಿದ್ದರು.

ಕಾರ್ಖಾನೆಯಲ್ಲಿ ಹೆಣ್ಣುಮಗಳೆಂದರೆ ನಾನೊಬ್ಬಳೇ. ಎಲ್ಲರೂ ಮೇಡಮ್ ಎನ್ನುತ್ತಿದ್ದರು. ಅಳತೆಯ ವಿಷಯಕ್ಕೆ ಜಗಳ ತೆಗೆಯುವುದು ಬಿಟ್ಟರೆ ಬೇರೆ ಮಾತಿರಲಿಲ್ಲ. ಒಂದು ಸೋಮವಾರ ಅದು ಬದಲಾಯಿತು. ನನ್ನ ಮುಖ ನೋಡಿ ಒಮ್ಮೆಯೂ ನಗದಿದ್ದ ಲೇತಿನ ಹಿರಿಯ ಟರ್ನರ್ ಬಾಗಿಲಲ್ಲಿ ನಿಂತು, ಮೇಡಮ್ಮರಿಗೆ ಸಂಗೀತದಲ್ಲಿ ಬಹಳ ಆಸಕ್ತಿಯಂತೆ ಎಂದು ವಿಚಾರಿಸಿದ. ಇನ್ನೊಬ್ಬ ಚಹಾದ ಲೋಟ ಮೇಜಿನ ಮೇಲಿಟ್ಟು, ಚಹಾ ನಡೆಯುತ್ತದಲ್ಲ ಎಂದು ಬಹಳ ವಿನಯದಿಂದ ಕೇಳಿದ. ಅವನ ಹಿಂದೆ ನಿಂತಿದ್ದ ಇಬ್ಬರು ಕೆಮ್ಮುತ್ತಾ ಹೊರಗೆ ಓಡಿದರು. ನಾನು ಸೀರೆ ಎಲ್ಲಾದರೂ ಹರಿದಿದೆಯೇ ಎಂದು ನೋಡಿಕೊಂಡೆ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಸ್ಟೋರ್ ನೋಡಿಕೊಳ್ಳುವವರು ಬಂದರು. ಮರಾಠಿ ಮನೆಮಾತಿನ, ನಿವೃತ್ತಿಗೆ ಹತ್ತಿರವಾದ ಸಭ್ಯ ಮನುಷ್ಯ. ಬಾಗಿಲು ಅರ್ಧ ಮುಂದೆ ಮಾಡಿ, ನಾಲ್ಕು ಮಡಿಕೆ ಮಾಡಿದ ಒಂದು ಹಾಳೆಯನ್ನು ನನ್ನ ಮುಂದೆ ಇಟ್ಟರು. ತಮ್ಮ ಮಗನಿಗೆ ಹೆಣ್ಣು ಹುಡುಕುತ್ತಿದ್ದರಂತೆ. ಸಂಬಂಧಿಕರೊಬ್ಬರು ಇಂಟರ್ನೆಟ್ಟಿನ ವಧೂವರರ ತಾಣದಲ್ಲಿ ಬೆಳಗಾವಿ ಕಡೆಯ ಹೆಣ್ಣುಗಳ ವಿವರ ತೆಗೆದು ಪ್ರಿಂಟ್ ಮಾಡಿ ಕೊಟ್ಟಿದ್ದರಂತೆ. ಅದರಲ್ಲಿ ಒಂದು ಹೆಣ್ಣು ನಾನು.

“ನಾ ಒಬ್ಬನ ನೋಡೀನ್ರಿ ಮೇಡಮ್. ಮತ್ತ ಯಾರಿಗೂ ತೋರ್ಸಿಲ್ಲ” ಎಂದರು.

ಹಾಳೆಯ ಅಂಚಿನಲ್ಲಿ ಬೇರೆ ಬೇರೆ ಗಾತ್ರದ ಬೆರಳುಗಳು ಮಷಿನ್ ಎಣ್ಣೆಯಲ್ಲಿ ಅಚ್ಚೊತ್ತಿದ್ದವು. ಇಡೀ ಕಾರ್ಖಾನೆಯ ಹಾಜರಿ ಅಲ್ಲಿತ್ತು.

ನಾನು ಓದಿದೆ. ಗೋಧಿ ಬಣ್ಣ ಎನ್ನಬಹುದಾಗಿದ್ದ ನನ್ನ ಮೈಬಣ್ಣವನ್ನು ಹಾಲಿನ ಕಡೆಗೆ ಎಳೆಯಲಾಗಿತ್ತು. ಮೃದುಭಾಷಿ ಎಂದಿತ್ತು; ಅದನ್ನು ಓದಿ ಲೇತಿನವರಿಗೆ ಎಷ್ಟು ನಗು ಬಂದಿರಬಹುದು ಎಂದು ನನಗೆ ತಕ್ಷಣ ಹೊಳೆಯಿತು. ವೀಣಾವಾದನದಲ್ಲಿ ಪರಿಣತೆ. ಉದ್ಯೋಗ ಚಿತ್ರಕಲೆ. ಫೋಟೋ ಯಾರದೋ ಮದುವೆಯಲ್ಲಿ ತೆಗೆದದ್ದು. ಪಕ್ಕದವರನ್ನು ಕತ್ತರಿಸಿ ನನ್ನನ್ನಷ್ಟೇ ಉಳಿಸಿದ್ದರೂ ನನ್ನ ಭುಜದ ಮೇಲೆ ಹಸಿರು ಬಳೆ ತೊಟ್ಟ ಒಂದು ಅನಾಥ ಕೈ ಉಳಿದುಕೊಂಡಿತ್ತು. ಅದೆಲ್ಲಕ್ಕಿಂತ ಕೆಳಗೆ, ಸಿಗರೇಟು ಇಲ್ಲ ಎಂಬುದರ ಪಕ್ಕದಲ್ಲಿ, ಕುಡಿಯುವ ಅಭ್ಯಾಸ ಎಂಬ ಜಾಗ. ಅದರ ಮುಂದೆ: ಹೌದು, ದಿನಾಲೂ.

ಸ್ಟೋರಿನವರು ಕೆಳಗೆ ನೋಡುತ್ತಾ, ಇದು ಅಚ್ಚಿನ ತಪ್ಪಿರಬೇಕು ಎಂದು ತಾವೇ ಸಮಾಧಾನ ಹೇಳಿ ಹೋದರು.

ಸಂಜೆ ಮನೆಗೆ ಹೋಗಿ ಅವ್ವನ ಮುಂದೆ ಹಾಳೆ ಹಿಡಿದೆ. ಅವ್ವ ಮೊದಲು ಫೋಟೋ ಚೆನ್ನಾಗಿ ಬಂದಿದೆ ಎಂದಳು. ಆಮೇಲೆ, ನಿನ್ನ ಮಾಮಾ ಏನೋ ಹಾಕಿಸುತ್ತೇನೆ ಎಂದಿದ್ದ, ನಾನು ಪೇಪರಿನಲ್ಲಿ ಎಂದುಕೊಂಡೆ ಎಂದಳು. ಪೇಪರಾದರೆ ಮಾರನೆಯ ದಿನ ಅದರಲ್ಲಿ ಚುರುಮುರಿ ಕಟ್ಟಿ ಕೊಡುತ್ತಾರೆ, ಮುಗಿಯಿತು ಎಂಬುದು ಅವಳ ಲೆಕ್ಕ.

ಮಾಮಾ ಎಂದರೆ ಅವ್ವನ ಅಣ್ಣ. ಹಲಸಿಯ ಆಚೆಗಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮುಖ್ಯಾಧ್ಯಾಪಕನಾಗಿ ನಿವೃತ್ತನಾಗಿದ್ದ. ಹೊಸದು ಯಾವುದು ಬಂದರೂ ಅದನ್ನು ಊರಿಗಿಂತ ಮೊದಲು ತಾನು ಮುಟ್ಟಬೇಕೆಂಬ ಆಸೆಯವನು. ಅವನಿಗೆ ಮಕ್ಕಳಿರಲಿಲ್ಲ. ಹೆಂಡತಿ ಹೋದ ಮೇಲೆ ಅವನ ಜೊತೆಗಿದ್ದದ್ದು ಒಂದು ಎಮ್ಮೆ, ಮತ್ತು ನನ್ನ ಮದುವೆಯ ಚಿಂತೆ. ಎರಡನ್ನೂ ಅವನು ಮನಸ್ಸಿಟ್ಟು ಸಾಕಿದ್ದ.

ಭಾನುವಾರ ಅವನ ಮನೆಗೆ ಹೋದೆ. ಹಾಳೆ ನೋಡಿ ಅವನ ಮುಖ ಅರಳಿತು. ಬೆಳಗಾವಿಗೆ ಹೋಗಿ ಇಂಟರ್ನೆಟ್ ಸೆಂಟರಿನಲ್ಲಿ ಒಂದು ಮಧ್ಯಾಹ್ನವಿಡೀ ಕೂತು ತಾನು ಹೇಳಿದ್ದನ್ನೆಲ್ಲ ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿದ್ದನಂತೆ.

“ಇದನ್ನ ಯಾರ್ ಯಾರ್ ನೋಡಬಹುದು ಮಾಮಾ?” ಎಂದು ಕೇಳಿದೆ.

“ಜಗತ್ತು. ಜಪಾನದಾಗ ಕುಂತಾವ್ರೂ ನೋಡಬಹುದು.”

“ನನ್ನ ಒಂದ ಮಾತ ಕೇಳಬೇಕಿತ್ತಲ್ರಿ.”

“ಕೇಳಿದ್ರ ಬ್ಯಾಡ ಅಂತಿದ್ದಿ. ಅದಕ್ಕ ಕೇಳಲಿಲ್ಲ.”

ಈ ಉತ್ತರದಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ವೀಣೆಯ ವಿಷಯ ಎತ್ತಿದೆ. ಮಾಮಾ ನನ್ನನ್ನೇ ಅಚ್ಚರಿಯಿಂದ ನೋಡಿದ. ನಾನು ಐದನೆಯ ತರಗತಿಯಲ್ಲಿದ್ದಾಗ ಶಾಲೆಯ ಗ್ಯಾದರಿಂಗಿನಲ್ಲಿ, ಅಂದರೆ ವರ್ಷಕ್ಕೊಮ್ಮೆ ಮಕ್ಕಳಿಗೆ ಬಣ್ಣ ಬಳಿದು ವೇದಿಕೆ ಹತ್ತಿಸುವ ಸಮಾರಂಭದಲ್ಲಿ, ಸರಸ್ವತಿಯಾಗಿ ಕುಳಿತಿದ್ದೆ. ಆಗ ಕೈಯಲ್ಲಿ ವೀಣೆ ಇರಲಿಲ್ಲವೇ ಎಂದು ಕೇಳಿದ. ಇತ್ತು, ರಟ್ಟಿನದು, ಅವನೇ ಕತ್ತರಿಸಿ ಮಾಡಿಕೊಟ್ಟದ್ದು. ಕುಡಿಯುವ ವಿಷಯಕ್ಕೆ ಬಂದಾಗ ಮಾತ್ರ ಅವನ ದನಿ ಗಟ್ಟಿಯಾಯಿತು.

“ಹುಡುಗಿ ಕುಡೀತಾಳೇನು ಅಂತ ಕೇಳಿದ್ರು. ದಿನಕ್ಕ ನಾಕ್ ಸಲ ಚಾ ಬೇಕು ನಿನಗ. ಮದವಿ ವಿಷಯದಾಗ ಸುಳ್ಳ ಯಾಕ ಹೇಳೂದು?”

ಅವರು ಕೇಳಿದ್ದು ಯಾವ ಕುಡಿತ ಎಂದು ನಾನು ವಿವರಿಸಿದೆ. ಮಾಮಾ ಎದ್ದು ಎಮ್ಮೆಗೆ ಒಂದು ಹಿಡಿ ಹುಲ್ಲು ಹಾಕಿ ಬಂದ. ಆಮೇಲೆ, ಹಾಗೆ ಕೇಳುವುದಾದರೆ ಸ್ಪಷ್ಟವಾಗಿ ಕೇಳಬೇಕಿತ್ತು ಎಂದ. ಹಾಳೆಯಲ್ಲಿ ಯಾರ ಫೋನ್ ನಂಬರ್ ಇದೆ ಎಂದು ಕೇಳಿದಾಗ ಇನ್ನೊಂದು ಸಂಗತಿ ಹೊರಬಿತ್ತು. ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ, ಅವನ ಮನೆಯಲ್ಲೂ ಇರಲಿಲ್ಲ. ಬೆಳಗಾವಿಯ ಸದಾಶಿವನಗರದಲ್ಲಿದ್ದ ನನ್ನ ಚಿಗವ್ವನ ಮನೆಯ ನಂಬರ್ ಕೊಟ್ಟಿದ್ದ.

ಮುಂದಿನ ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಸದಾಶಿವನಗರಕ್ಕೆ ಹೋದೆ. ಚಿಗವ್ವ ಅವ್ವನ ತಂಗಿ. ಅವಳ ಮನೆಯ ಪಡಸಾಲೆಯಲ್ಲಿ ಫೋನಿಗೆ ಕ್ರೋಶಾದಲ್ಲಿ ಹೆಣೆದ ಹೊದಿಕೆ, ಅದರ ಬಾಜು ಒಂದು ಕುರ್ಚಿ. ಆ ಕುರ್ಚಿಗೆ ಈಗ ಹೊಸ ಮೆತ್ತೆ ಬಂದಿತ್ತು. ನಾನು ಮಾತು ತೆಗೆಯುವ ಮೊದಲೇ ಅವಳು, ಕೊನೆಗೂ ನಿನಗೆ ಗೊತ್ತಾಯಿತೇ ಎಂದಳು. ಎರಡು ತಿಂಗಳಿಂದ ಗಂಡಿನವರು ಫೋನ್ ಮಾಡುತ್ತಿದ್ದರಂತೆ. ಎಲ್ಲರ ಜೊತೆ ಅವಳೇ ಮಾತಾಡಿದ್ದಳು. ಎಲ್ಲರನ್ನೂ ಅವಳೇ ಬೇಡ ಎಂದಿದ್ದಳು.

ಒಬ್ಬನಿಗೆ ಮಾತಿನ ನಡುವೆ ಏನೋ ಅಗಿಯುವ ಚಟವಿತ್ತು. ಒಬ್ಬ, ತಡೆಯಿರಿ ನಮ್ಮ ಅಮ್ಮನಿಗೆ ಕೊಡುತ್ತೇನೆ ಎಂದು ಹೇಳಿ ಹೋದವನು ತಿರುಗಿ ಬರಲಿಲ್ಲ. ಚಿಗವ್ವ ಫೋನ್ ಹಿಡಿದು ಅವರ ಮನೆಯ ಕುಕ್ಕರಿನ ಸೀಟಿಗಳನ್ನೆಲ್ಲ ಕೇಳಿ ಇಟ್ಟುಬಿಟ್ಟಳು. ಮೈಸೂರು ಕಡೆಯ ಒಬ್ಬ ಬಹಳ ಮೆತ್ತಗೆ ಮಾತಾಡಿದನಂತೆ. ಅಷ್ಟು ಮೆತ್ತಗೆ ಮಾತಾಡುವವರ ಮನಸ್ಸಿನಲ್ಲಿ ಏನೋ ಇರುತ್ತದೆ ಎಂದು ಅವನನ್ನೂ ತೆಗೆದುಹಾಕಿದ್ದಳು.

“ಗೋವಾದಾವ್ರ ಹೆಚ್ಚು ನೋಡು. ಭಾಳ ಖುಷಿಲೆ ಮಾತಾಡ್ತಾರ. ನಿನ್ನ ಮ್ಯಾಲ ಯಾಕ ಅಷ್ಟ ಪ್ರೀತಿ ಅಂತ ನನಗ ತಿಳೀಲಿಲ್ಲ” ಎಂದಳು.

ನನಗೆ ತಿಳಿದಿತ್ತು. ಇಷ್ಟೆಲ್ಲ ನಡೆದರೂ ನನಗೇಕೆ ಒಂದು ಮಾತೂ ಹೇಳಲಿಲ್ಲ ಎಂದು ಕೇಳಿದೆ.

“ಛಲೋದ ಬಂದ್ರ ಹೇಳೂಣು ಅಂತ ಮಾಡಿದ್ದೆ. ಕೆಟ್ಟವನ್ನೆಲ್ಲಾ ಕೇಳಿ ನೀ ಮನಸ್ಸು ಸಣ್ಣ ಮಾಡ್ಕೋಬಾರ್ದಲ್ಲ.”

ಆಗ ನನಗೆ ಪರಿಸ್ಥಿತಿ ಪೂರ್ತಿ ಅರ್ಥವಾಯಿತು. ಜಪಾನಿನವರೆಗಿನ ಜನ ನನ್ನ ಬಣ್ಣ, ಎತ್ತರ, ಅಭ್ಯಾಸಗಳನ್ನು ಓದಬಹುದಿತ್ತು. ಕಾರ್ಖಾನೆಯವರು ಓದಿಯಾಗಿತ್ತು. ಯಾರು ನನ್ನನ್ನು ಕೇಳಿದರು, ಏನು ಕೇಳಿದರು ಎಂಬುದನ್ನು ತಿಳಿಯಲು ಅವಕಾಶವಿಲ್ಲದ್ದು ಈ ಭೂಮಿಯ ಮೇಲೆ ನನ್ನೊಬ್ಬಳಿಗೇ. ಅಲ್ಲಿಯೇ ಚಿಗವ್ವನ ಕೈ ನೋಡಿದೆ. ಹಸಿರು ಬಳೆ. ಫೋಟೋದಲ್ಲಿ ನನ್ನ ಭುಜದ ಮೇಲಿದ್ದದ್ದು ಅವಳದೇ ಕೈ.

ಆ ಪುಟವನ್ನು ತೆಗೆಸಿಬಿಡೋಣ ಎಂದು ಮುಂದಿನ ವಾರ ಮಾಮಾನನ್ನು ಬೆಳಗಾವಿಗೆ ಕರೆಸಿದೆ. ಚಿಗವ್ವನನ್ನು ನಾನು ಕರೆದಿರಲಿಲ್ಲ, ಆದರೂ ಬಂದಳು. ಇಂಟರ್ನೆಟ್ ಸೆಂಟರ್ ಒಂದು ಲಾಡ್ಜಿನ ಕೆಳಗಿನ ಅಂತಸ್ತಿನಲ್ಲಿತ್ತು. ಪ್ಲೈವುಡ್ಡಿನಲ್ಲಿ ಅಡ್ಡ ಕಟ್ಟಿದ ಸಣ್ಣ ಸಣ್ಣ ಗೂಡುಗಳು, ಪ್ರತಿಯೊಂದಕ್ಕೂ ಹೂವಿನ ಪರದೆ. ಪರದೆಗಳನ್ನು ಮೇಲಿನಿಂದ ಒಂದು ಮೊಳ ಕತ್ತರಿಸಿ ಇಳಿಸಿ ಕಟ್ಟಿದ್ದರು. ಕುಳಿತವರ ಕುತ್ತಿಗೆಯಿಂದ ಮೇಲೆ ಎಲ್ಲ ಕಾಣುತ್ತಿತ್ತು. ಮಾಲೀಕರು ತಾವಾಗಿಯೇ ಕಾರಣ ಹೇಳಿದರು. ಹುಡುಗರು ಬೇಡದ್ದನ್ನು ನೋಡುತ್ತಾರೆಂದು ತಂದೆತಾಯಿಗಳು ತಕರಾರು ಮಾಡಿದ್ದರಂತೆ. ಹಾಗೆಂದು ಪರದೆ ಪೂರ್ತಿ ತೆಗೆದರೆ ಗಿರಾಕಿಗಳು ಬರುವುದಿಲ್ಲ.

“ಏನ್ ನೋಡಾಕತ್ತಾರ ಅಂತ ನಾವ್ ನೋಡೂದಿಲ್ರಿ. ಮಾರಿ ನೋಡಿದ್ರ ಸಾಕು, ಗೊತ್ತಾಗತೈತಿ” ಎಂದರು.

ಒಂದು ಗೂಡಿನಲ್ಲಿ ನಾನು ಕುಳಿತೆ. ಬಲಕ್ಕೆ ಮಾಮಾ, ಎಡಕ್ಕೆ ಚಿಗವ್ವ ನಿಂತರು. ಫೋನಿನ ತಂತಿಯಲ್ಲಿ ಕಿರುಚಿ, ಕೆರೆದು, ಗೊರಗೊರ ಎಂದು ಇಂಟರ್ನೆಟ್ ಬಂತು. ಪುಟದ ಒಳಗೆ ಹೋಗಲು ಪಾಸ್‌ವರ್ಡ್ ಕೇಳಿತು. ಮಾಮಾ ಸುತ್ತ ನೋಡಿ, ಬಗ್ಗಿ, ತನ್ನ ಪ್ರಕಾರ ಬಹಳ ಸಣ್ಣ ದನಿಯಲ್ಲಿ, “ಗವರಿ” ಎಂದ. ನಲವತ್ತು ವರ್ಷ ಒಂದೇ ಕೋಣೆಯಲ್ಲಿ ನಾಲ್ಕು ತರಗತಿಗಳಿಗೆ ಪಾಠ ಹೇಳಿದ ಗಂಟಲು. ಎಲ್ಲ ಪರದೆಗಳ ಮೇಲಿನ ಮುಖಗಳೂ ನಮ್ಮ ಕಡೆ ತಿರುಗಿದವು.

ಅದು ಅವನ ಎಮ್ಮೆಯ ಹೆಸರು, ಗೌರಿ. ನಾನು ಜಿ, ಓ, ಯು ಹಾಕಿ ಬರೆದೆ, ತಪ್ಪು ಎಂದಿತು. ಓ ಮತ್ತು ಡಬ್ಲ್ಯೂ ಹಾಕಿದೆ, ಎ ಮತ್ತು ಯು ಹಾಕಿದೆ. ಮಾಮಾ, ತಾನು ಹೇಳಿದ್ದು ಗೌರಿ ಅಲ್ಲ, ಗವರಿ, ಎಮ್ಮೆ ಓಗೊಡುವುದೇ ಹಾಗೆ ಕರೆದರೆ ಎಂದ. ನಡುವೆ ವಿ ಹಾಕಿ ನೋಡಿದೆ. ಪಕ್ಕದ ಗೂಡಿನ ಕಾಲೇಜು ವಿದ್ಯಾರ್ಥಿ ತನ್ನ ಪರದೆಯ ಮೇಲಿಂದಲೇ, ಕೊನೆಗೆ ಎರಡು ಇ ಹಾಕಿ ನೋಡಿರಿ ಎಂದು ಸಲಹೆ ಕೊಟ್ಟ. ಆಚೆ ಗೂಡಿನಿಂದ ಒಬ್ಬರು, ಎಮ್ಮೆ ಮುರ‍್ರಾ ತಳಿಯೇ ಎಂದು ವಿಚಾರಿಸಿದರು. ಮಾಮಾ ಅವರ ಗೂಡಿಗೆ ಹೋಗಿ ಹಾಲಿನ ವಿಷಯ ಮಾತಾಡುತ್ತಾ ನಿಂತುಬಿಟ್ಟ. ಚಿಗವ್ವ ಅವನನ್ನು ಕೈ ಹಿಡಿದು ಎಳೆದು ತಂದಳು.

ಅಷ್ಟರಲ್ಲಿ ಮಾಲೀಕರ ಹೆಂಡತಿ ಊಟ ಮುಗಿಸಿ ಬಂದರು. ಅಂದು ಮಾಮಾ ಹೇಳಿದ್ದನ್ನೆಲ್ಲ ಟೈಪ್ ಮಾಡಿದ್ದು ಅವರೇ. ಮನೆಯಲ್ಲಿ ಮರಾಠಿ ಮಾತಾಡುವವರು. ವಿಷಯ ಕೇಳಿ ನಕ್ಕು, ನನ್ನ ಮೇಲೆ ಬಗ್ಗಿ ಎರಡು ಬೆರಳಲ್ಲಿ ಟಕಟಕ ಒತ್ತಿದರು. ಬಾಗಿಲು ತೆರೆಯಿತು. ಅವರಿಗೆ ಅಂದು ಕೇಳಿಸಿದ್ದು ಗವಾರ, ಅಂದರೆ ನಾವು ಚವಳಿಕಾಯಿ ಎನ್ನುವ ತರಕಾರಿ. ಇಷ್ಟು ದೊಡ್ಡ ಮನುಷ್ಯರು ತರಕಾರಿಯ ಹೆಸರು ಇಟ್ಟಿದ್ದಾರಲ್ಲ, ಬಹಳ ಇಷ್ಟವಿರಬೇಕು ಎಂದುಕೊಂಡಿದ್ದರಂತೆ. ಮಾಮಾನಿಗೆ ಇದು ಸಣ್ಣ ಅವಮಾನವಾಗಿರಲಿಲ್ಲ.

ಒಳಗೆ ನೋಡಿದರೆ ಫೋನ್ ಮಾಡದೆ ಬರೆದವರು ಇನ್ನೂ ಬಹಳ ಜನ. ನಾನು ಮೊದಲನೆಯದನ್ನು ತೆರೆದೆ. ಮೂವರೂ ತಲೆ ಕೂಡಿಸಿ ಓದಿದೆವು. ನಾಲ್ಕನೆಯದೋ ಐದನೆಯದೋ ಪತ್ರದ ಮೊದಲ ಸಾಲು ನನ್ನ ತುಟಿಗಳ ವರ್ಣನೆಯಿಂದ ಶುರುವಾಯಿತು. ಓದುತ್ತಿದ್ದ ಹಾಗೆ ಚಿಗವ್ವ ಸೆರಗು ತೆಗೆದು ಕಂಪ್ಯೂಟರಿನ ಮೇಲೆ ಹಾಕಿಬಿಟ್ಟಳು.

“ಇದು ಬ್ಯಾಡ. ಮುಂದಿಂದ ತಗಿ.”

“ಚಿಗವ್ವಾ, ಅದು ನನಗ ಬರದದ್ದು.”

“ಅದಕ್ಕ ಬ್ಯಾಡ ಅನ್ನೂದು.”

ಸೆರಗು ಜಾರಿಸಿದೆ, ಮತ್ತೆ ಹಾಕಿದಳು. ಮಾಲೀಕರು ಎದ್ದು ಬಂದು, ಒಂದು ಗೂಡಿಗೆ ಒಬ್ಬರೇ ಎಂಬುದು ಇಲ್ಲಿಯ ನಿಯಮ ಎಂದರು. ಅವರು ಹೇಳಿದ್ದು ಗದ್ದಲದ ಚಿಂತೆಯಿಂದ ಇರಬಹುದು, ಆದರೆ ನನಗೆ ಅದೊಂದು ಆಧಾರವಾಯಿತು. ಇಬ್ಬರನ್ನೂ ಹೊರಗೆ ಬೆಂಚಿನ ಮೇಲೆ ಕೂಡಿರಿ ಎಂದೆ. ಚಿಗವ್ವ ಗೊಣಗುತ್ತಾ ಹೋದಳು. ನಾನು ಮೊದಲು ಮಾಡಿದ ಕೆಲಸ ಪಾಸ್‌ವರ್ಡ್ ಬದಲಿಸಿದ್ದು. ಹೊಸದನ್ನು ಒತ್ತುವಾಗ ಪರದೆಯ ಮೇಲಿಂದ ಮಾಮಾನ ಮುಖ ಕಂಡಿತು. ಹೋಗಿರಲಿಲ್ಲ.

“ಹೊಸಾದು ಏನಿಟ್ಟಿ?” ಎಂದ.

“ಹೇಳಂಗಿಲ್ಲ ಮಾಮಾ.”

ಅವನು ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. ಟೋಪಿ ಸರಿಮಾಡಿಕೊಂಡು ಬೆಂಚಿನ ಕಡೆಗೂ ಹೋಗದೆ ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕುಳಿತ. ಪರದೆಯ ಮೇಲಿಂದ ಅವನ ಬೆನ್ನು ಕಾಣುತ್ತಿತ್ತು. ಎದ್ದು ಹೋಗಿ ಹೇಳಿಬಿಡಲೇ ಎನಿಸಿತು. ಹೋಗಲಿಲ್ಲ.

ಪುಟ ಅಳಿಸುವ ಗುಂಡಿಯ ಮೇಲೆ ಬಾಣ ಇಟ್ಟೆ. ಒತ್ತಲು ಮನಸ್ಸು ಬರಲಿಲ್ಲ. ಮಾಮಾ ಬರೆದ ನನ್ನನ್ನು ಇಷ್ಟು ಜನ ಓದಿದ್ದಾರೆ. ನಾನು ಬರೆದ ನನ್ನನ್ನು ಒಬ್ಬರಾದರೂ ಓದಲಿ ಎನಿಸಿತು. ವೀಣೆ ತೆಗೆದೆ. ಚಿತ್ರಕಲೆ ತೆಗೆದು, ಪಂಪಿನ ಬಿಡಿಭಾಗಗಳ ನಕಾಶೆ ಎಂದು ಹಾಕಿದೆ. ಹಾಲಿನ ಬಣ್ಣವನ್ನು ಗೋಧಿಗೆ ತಂದೆ. ಮೃದುಭಾಷಿ ಎಂಬಲ್ಲಿ, ಕಾರ್ಖಾನೆಯ ಸದ್ದಿನಲ್ಲಿ ಕೆಲಸ ಮಾಡುವುದರಿಂದ ದನಿ ದೊಡ್ಡದು ಎಂದು ಬರೆದೆ. ಅವ್ವ ನನ್ನ ಜೊತೆಗೇ ಇರುತ್ತಾಳೆ ಎಂದೂ ಬರೆದೆ. ಚಹಾದ ವಿಷಯ ಸ್ಪಷ್ಟಪಡಿಸಿದೆ. ಫೋಟೋ ತೆಗೆದುಹಾಕಿದೆ, ಅದರ ಜೊತೆ ಚಿಗವ್ವನ ಕೈಯೂ ಹೋಯಿತು. ಅವಳ ಫೋನ್ ನಂಬರನ್ನೂ ಅಳಿಸಿದೆ.

ಸಂಜೆಯ ಬಸ್ಸಿನಲ್ಲಿ ಮಾಮಾ ಮಚ್ಛೆ ದಾಟುವವರೆಗೆ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದ. ಆಮೇಲೆ ಹೇಳಿದ:

“ಇಷ್ಟ ವರ್ಷ ಸಾಲಿ ಕಲಿಸೀನಿ. ಯಾವ ಹುಡುಗೂರೂ ನನ್ನ ಮುಂದ ಪಾಟಿ ಮ್ಯಾಲ ಬರದದ್ದು ಮುಚ್ಚಿಟ್ಟಿದ್ದಿಲ್ಲ.”

“ಅವ್ರು ಸಣ್ಣಾವ್ರಿದ್ರು ಮಾಮಾ” ಎಂದೆ.

ಬಸ್ಸು ದೇಸೂರಿನಲ್ಲಿ ನಿಂತು ಹೊರಟಿತು. ಖಾನಾಪುರ ಹತ್ತಿರ ಬಂದಾಗ ಅವನು ಕೈಚೀಲದಿಂದ ಶೇಂಗಾ ತೆಗೆದು ಅರ್ಧ ನನ್ನ ಕೈಗೆ ಸುರಿದು, “ಅದೂ ಖರೇ” ಎಂದ.

ನಾನು ಬರೆದ ನನ್ನನ್ನು ಜಗತ್ತು ಅಷ್ಟಾಗಿ ಮೆಚ್ಚಲಿಲ್ಲ. ಗೋವಾ ಒಮ್ಮೆಲೇ ಮೌನವಾಯಿತು. ಶನಿವಾರ ಶನಿವಾರ ಸೆಂಟರಿಗೆ ಹೋಗಿ ನೋಡಿದರೆ ಪತ್ರಗಳ ಪೆಟ್ಟಿಗೆ ಖಾಲಿ. ಆ ಕಡೆ ಸದಾಶಿವನಗರದಲ್ಲಿ ಫೋನ್ ಬರುವುದು ನಿಂತು ಚಿಗವ್ವನಿಗೆ ಹೊತ್ತು ಹೋಗದಾಯಿತು. ಲೈನು ಸತ್ತಿರಬೇಕೆಂದು ಟೆಲಿಫೋನ್ ಆಫೀಸಿಗೆ ದೂರು ಕೊಟ್ಟಳು. ಲೈನ್‌ಮನ್ ಬಂದು ಕಂಬ ಹತ್ತಿ ಇಳಿದು, ಲೈನು ಚೆನ್ನಾಗಿದೆ, ನಿಮಗೆ ಯಾರೂ ಫೋನ್ ಮಾಡುತ್ತಿಲ್ಲ ಅಷ್ಟೇ ಎಂದು ಹೇಳಿ ಹೋದನಂತೆ. ಅವನ ಮೇಲೂ ದೂರು ಕೊಡಬೇಕೆಂದಿದ್ದಳು, ಅವಳ ಗಂಡ, ನಮ್ಮ ಕಾಕಾ, ತಡೆದರು.

ಒಂದು ಶನಿವಾರ ಒಂದು ಪತ್ರ ಬಂದಿತ್ತು. ಆಗ ಕನ್ನಡದಲ್ಲಿ ಟೈಪ್ ಮಾಡುವ ಅನುಕೂಲ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆಯಬೇಕಿತ್ತು. ತಡವರಿಸಿ ಓದಿದೆ. ಗದಗಿನ ಒಂದು ಕಾಲೇಜಿನಲ್ಲಿ ಗ್ರಂಥಪಾಲಕರಾಗಿದ್ದವರು ಬರೆದಿದ್ದರು. ನಿಮ್ಮ ಪುಟವನ್ನು ಹಿಂದೆ ಒಮ್ಮೆ ನೋಡಿದ್ದೆ, ಈಗ ಮತ್ತೆ ನೋಡಿದೆ. ಮೊದಲ ಮುದ್ರಣದಲ್ಲಿದ್ದ ವೀಣೆ ಎರಡನೆಯ ಮುದ್ರಣದಲ್ಲಿ ಕಾಣುವುದಿಲ್ಲ, ಕೈಬಿಟ್ಟದ್ದೇಕೆ ಎಂದು ಕೇಳಿದ್ದರು. ಬೇರೇನೂ ಇರಲಿಲ್ಲ.

ಮೊದಲ ಮುದ್ರಣ ನಮ್ಮ ಮಾಮಾನದು, ನನ್ನದಲ್ಲ ಎಂದು ಉತ್ತರ ಬರೆದೆ. ಮುಂದಿನ ವಾರ ಅವರು ತಮ್ಮ ಪುಟದ ಬಗ್ಗೆ ಬರೆದರು. ಅದನ್ನು ಬರೆಸಿದ್ದು ಅವರ ಅಕ್ಕನಂತೆ. ಅಲ್ಲಿ ಬರೆದಿರುವ ಸ್ವಂತ ಮನೆಯ ಗೋಡೆ ಸದ್ಯಕ್ಕೆ ಕಿಟಕಿಯ ಎತ್ತರಕ್ಕೆ ಬಂದು ನಿಂತಿದೆ, ಒಳಗೆ ಈಗ ನೆರೆಮನೆಯವರು ಮೆಣಸಿನಕಾಯಿ ಒಣಗಿಸುತ್ತಾರೆ. ಕ್ರೀಡೆಯಲ್ಲಿ ಆಸಕ್ತಿ ಎಂದಿರುವುದು ಸುಳ್ಳು. ತಲೆತುಂಬ ಕೂದಲಿರುವ ಫೋಟೋ ಐದಾರು ವರ್ಷ ಹಳೆಯದು. ನಾನು ಒಬ್ಬಳೇ ನಗುತ್ತಾ ಓದಿದೆ. ಆ ನಗುವಿನ ಬಗ್ಗೆ ಎಚ್ಚರ ವಹಿಸಬೇಕಿತ್ತೆಂದು ಆಗ ಹೊಳೆಯಲಿಲ್ಲ.

ಕೆಲವು ತಿಂಗಳು ಹೀಗೇ ನಡೆಯಿತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅವ್ವ, ಪುಟ ಏನಾಯಿತು ಎಂದು ಕೇಳಿದರೆ ತೆಗೆದಂತೆಯೇ ಎಂದು ಹೇಳಿ ಮಾತು ಬದಲಿಸುತ್ತಿದ್ದೆ. ಜೀವನದಲ್ಲಿ ಮೊದಲ ಸಲ ನನ್ನ ಹತ್ತಿರ, ಮನೆಮಂದಿ ಯಾರೂ ಎತ್ತಿ ನೋಡದ ಒಂದು ಸಂಗತಿ ಇತ್ತು. ಬಸ್ಸಿನಲ್ಲಿ ಅದನ್ನು ನೆನೆಸಿಕೊಂಡು ಕೂಡುವುದೇ ಒಂದು ಸುಖ.

ಒಂದು ಭಾನುವಾರ ಚಿಗವ್ವ ಖಾನಾಪುರಕ್ಕೆ ಬಂದಳು. ಕೈಕಾಲು ತೊಳೆದು, ನೀರು ಕುಡಿದು, ಅವ್ವನ ಎದುರಿಗೇ ಕೇಳಿದಳು:

“ಗದಗಿನಾವ ಏನಂತಾನ?”

ನನ್ನ ಕೈಯಲ್ಲಿದ್ದ ತಾಟು ನೆಲಕ್ಕೆ ಬಿತ್ತು. ಪಾಸ್‌ವರ್ಡ್ ಯಾರಿಗೂ ಹೇಳಿರಲಿಲ್ಲ. ಯಾರೂ ಊಹಿಸುವಂಥದ್ದೂ ಅಲ್ಲ. ವಿಚಾರಿಸಿದರೆ, ಸೆಂಟರಿನ ಮಾಲೀಕರ ಹೆಂಡತಿಗೂ ಚಿಗವ್ವನಿಗೂ ಅಂದು ಬೆಂಚಿನ ಮೇಲೆ ಕುಳಿತಾಗಲೇ ಗೆಳೆತನವಾಗಿತ್ತು. ಪರದೆಯ ಮೇಲಿಂದ ಅವರು ಶನಿವಾರ ಶನಿವಾರ ನನ್ನ ಮುಖ ನೋಡುತ್ತಿದ್ದರು. ಮೊದಮೊದಲು ಖಾಲಿ ಪೆಟ್ಟಿಗೆಯ ಮುಖ, ಆಮೇಲೆ ಪತ್ರ ಬಂದ ಮುಖ, ಆಮೇಲೆ ಉತ್ತರಕ್ಕೆ ಕಾಯುವ ಮುಖ. ಎಲ್ಲವನ್ನೂ ಚಿಗವ್ವನಿಗೆ ಫೋನಿನಲ್ಲಿ ವರದಿ ಮಾಡಿದ್ದರು. ಗದಗು ಎಂಬುದು ಮಾತ್ರ, ಗದಗಿಗೆ ರೈಲು ಎಷ್ಟು ಹೊತ್ತಿಗೆ ಎಂದು ನಾನೇ ಮಾಲೀಕರನ್ನು ಕೇಳಿದ್ದರಿಂದ ಗೊತ್ತಾದದ್ದು.

ಸಿಟ್ಟು ಬಂತು, ಅಳುವೂ ಬಂತು. ಆದರೆ ಅವ್ವ ಬಿದ್ದ ತಾಟನ್ನು ಎತ್ತಿಕೊಂಡು, ಅವನಿಗೆ ರೊಟ್ಟಿ ಸೇರುತ್ತದೋ ಅನ್ನವೋ ಎಂದು ಕೇಳಿದಾಗ ನಗು ಬಂದುಬಿಟ್ಟಿತು. ಮೊದಲು ನಾನೊಬ್ಬಳೇ ಅವರನ್ನು ನೋಡುತ್ತೇನೆ, ಆಮೇಲೆ ನೀವೆಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ. ಚಿಗವ್ವ ಒಪ್ಪಿದಳು. ಅವಳು ಇಷ್ಟು ಬೇಗ ಒಪ್ಪಿದ್ದನ್ನು ನಾನು ಅನುಮಾನಿಸಬೇಕಿತ್ತು.

ಮುಂದೊಂದು ಭಾನುವಾರ ಗ್ರಂಥಪಾಲಕರು ಖಾನಾಪುರ ಸ್ಟೇಷನ್ನಿಗೆ ಬಂದಿಳಿದರು. ಫೋಟೋದಲ್ಲಿದ್ದದ್ದಕ್ಕಿಂತ ಕೂದಲು ನಿಜಕ್ಕೂ ಕಡಿಮೆ. ಮುಖ ಮಾತ್ರ ಪತ್ರಗಳ ಹಾಗೆಯೇ ಇತ್ತು. ಬೆಂಚಿನ ಮೇಲೆ ಕುಳಿತೆವು. ಅವರು, ಆ ಕಡೆ ಕುಳಿತವರು ನಿಮಗೆ ಪರಿಚಯವೇ ಎಂದು ಕೇಳಿದರು. ಪ್ಲಾಟ್‌ಫಾರ್ಮಿನ ತುದಿಯ ಬೆಂಚಿನ ಮೇಲೆ ಮಾಮಾ ಕುಳಿತಿದ್ದ. ಇಸ್ತ್ರಿ ಮಾಡಿದ ಧೋತರ, ಹೊಸ ಟೋಪಿ. ನಮಗೆ ಪೂರ್ತಿ ಬೆನ್ನು ಕೊಟ್ಟು, ಒಂದು ಗೋಡೆಯನ್ನು ನೋಡುತ್ತಾ ಕುಳಿತಿದ್ದ. ಆ ಗೋಡೆಯ ಮೇಲೆ ನೋಡುವಂಥದ್ದು ಏನೂ ಇರಲಿಲ್ಲ.

ಎದ್ದು ಅವನ ಹತ್ತಿರ ಹೋದೆ. ಅವನು ತಿರುಗದೆಯೇ ಹೇಳಿದ:

“ನಾ ನೋಡಿಲ್ಲವ್ವಾ. ಏನೂ ನೋಡಿಲ್ಲ. ನೀವು ಮಾತಾಡ್ರಿ.”

ಎಷ್ಟು ಹೊತ್ತಿನಿಂದ ಹಾಗೆ ಕುಳಿತಿದ್ದನೋ. ಕುತ್ತಿಗೆ ಹಿಡಿದುಕೊಂಡಿತ್ತು, ತಿರುಗು ಎಂದರೆ ಭುಜದ ಸಮೇತ ತಿರುಗಿದ. ನನಗೆ ಮೆಟ್ಟಿಲ ಮೇಲೆ ಕುಳಿತಿದ್ದ ಅವನ ಅಂದಿನ ಬೆನ್ನು ನೆನಪಾಯಿತು. ಗ್ರಂಥಪಾಲಕರು ತಾವಾಗಿಯೇ ಬಂದು ನಮಸ್ಕಾರ ಮಾಡಿದರು. ಮೊದಲ ಮುದ್ರಣದ ಲೇಖಕರು ಇವರೇ ಎಂದು ನಾನು ಪರಿಚಯಿಸಿದೆ. ಮಾಮಾನಿಗೆ ಅರ್ಥವಾಗದಿದ್ದರೂ ಲೇಖಕ ಎಂಬ ಮಾತು ಹಿಡಿಸಿತು. ಆಮೇಲೆ ಅವರಿಬ್ಬರೇ ಗದಗಿನ ಮಳೆ, ಮಕ್ಕಳ ಓದು, ಕಾಲೇಜಿನ ಪುಸ್ತಕಗಳ ಬಗ್ಗೆ ಮಾತಾಡುತ್ತಾ ಕುಳಿತರು. ನಾನು ಚಹಾ ತರಲು ಹೋದೆ.

ಮದುವೆ ಗೊತ್ತಾದ ಮೇಲೆ ಒಂದು ಶನಿವಾರ ಪುಟ ಅಳಿಸಲು ಹೋದೆ. ಅಳಿಸುವ ಮೊದಲು ಅದು ಕೇಳಿತು: ನಿಮಗೆ ಸಂಗಾತಿ ಸಿಕ್ಕಿದ್ದರೆ ನಿಮ್ಮ ಕತೆಯನ್ನು ಜೋಡಿಯ ಫೋಟೋ ಸಹಿತ ಜಗತ್ತಿಗೆಲ್ಲ ಕಾಣುವಂತೆ ಪ್ರಕಟಿಸಬಹುದೇ? ನಾನು ಬೇಡ ಎಂಬುದನ್ನು ಒತ್ತಿದ್ದು ಎಷ್ಟು ಜೋರಾಗಿತ್ತೆಂದರೆ ಮಾಲೀಕರು ಕೀಲಿಮಣೆಯ ಕಡೆ ನೋಡಿದರು. ಅವರ ಹೆಂಡತಿಗೆ ವಿಷಯ ಹೇಳಿದಾಗ ಬಹಳ ಬೇಜಾರು ಮಾಡಿಕೊಂಡರು.

“ಹಾಕಬೇಕಿತ್ತರಿ. ನಮ್ಮ ಸೆಂಟರ್ ಹೆಸರೂ ಬರ್ತಿತ್ತು.”

ಸಮಾಧಾನಕ್ಕೆಂದು ಮದುವೆಯ ಕಾರ್ಡ್ ಕೊಟ್ಟು, ತಪ್ಪದೆ ಬರಬೇಕೆಂದು ಹೇಳಿ ಬಂದೆ. ಮರುವಾರ ಬಟ್ಟೆ ತರಲು ಪೇಟೆಗೆ ಹೋದಾಗ ನೋಡುತ್ತೇನೆ: ಸೆಂಟರಿನ ಗಾಜಿನ ಬಾಗಿಲಿಗೆ ಆ ಕಾರ್ಡನ್ನು ಬಿಡಿಸಿ ಹೊರಮುಖವಾಗಿ ಅಂಟಿಸಿದ್ದರು. ನಮ್ಮಿಬ್ಬರ ಹೆಸರು, ಓದು, ಎರಡೂ ಮನೆಗಳ ವಿಳಾಸ, ಮಾಮಾ, ಕಾಕಾ, ಚಿಗವ್ವ, ಅವಳ ಫೋನ್ ನಂಬರ್ ಎಲ್ಲ ದೊಡ್ಡ ಅಕ್ಷರದಲ್ಲಿ ಬೀದಿಗೆ ಕಾಣುತ್ತಿದ್ದವು. ಬಾಗಿಲಲ್ಲಿ ಇಬ್ಬರು ನಿಂತು ಓದುತ್ತಿದ್ದರು. ಒಬ್ಬಾತ ಇನ್ನೊಬ್ಬನಿಗೆ, ಊಟ ಎಲ್ಲಿ ಎಂದು ಬರೆದಿದೆ ನೋಡು ಎನ್ನುತ್ತಿದ್ದ.